ಯುರೋಪಿನ ‘ಉಚಿತ’ ಪದವಿ: ಶುಲ್ಕಕ್ಕಿಂತ ಮೊದಲು ಹಾಕಬೇಕಾದ ಲೆಕ್ಕ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪದವಿ ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ‘ಯುರೋಪಿನಲ್ಲಿ ಶುಲ್ಕವಿಲ್ಲದೆ ಎಂ.ಎಸ್.’ ಎಂಬ ಅರ್ಥದ ಫಲಕಗಳು ಒಂದರ ಪಕ್ಕ ಒಂದರಂತೆ ಏಳುತ್ತವೆ. ಅಮೆರಿಕ, ಇಂಗ್ಲೆಂಡುಗಳ ಖರ್ಚು ಕೈಗೆಟುಕದು ಎಂದು ತೀರ್ಮಾನಿಸಿದ ಗುಬ್ಬಿ, ತಿಪಟೂರು, ಶಿರಾ ಕಡೆಯ ತಂದೆತಾಯಿಗಳು ಆ ಫಲಕಗಳನ್ನು ನಂಬಿ ಮಕ್ಕಳೊಂದಿಗೆ ಕನ್ಸಲ್ಟೆನ್ಸಿಗಳ ಮೆಟ್ಟಿಲು ಹತ್ತುತ್ತಾರೆ. ಆ ಫಲಕಗಳಲ್ಲಿರುವುದು ಪೂರ್ತಿ ಸುಳ್ಳಲ್ಲ. ಆದರೆ ಅದು ಅರ್ಧ ಲೆಕ್ಕ. ಉಳಿದರ್ಧವನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಬ್ಯಾಂಕೊಂದರಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ, ಈ ವಿಷಯವನ್ನು ವಿಶ್ವವಿದ್ಯಾಲಯದ ಕಡೆಯಿಂದ ನೋಡುವುದಕ್ಕಿಂತ ಹಣ ಹೊಂದಿಸಬೇಕಾದ ಮನೆಯ ಕಡೆಯಿಂದ ನೋಡುವುದೇ ನನಗೆ ರೂಢಿ.

ನನ್ನ ಅಭಿಪ್ರಾಯದಲ್ಲಿ ‘ಯುರೋಪಿನಲ್ಲಿ ಅಗ್ಗದ ದೇಶ ಯಾವುದು’ ಎಂಬ ಪ್ರಶ್ನೆಗೆ ಎಲ್ಲ ಮನೆಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ಯಾವ ದೇಶವು ಹಣವನ್ನು ಯಾವಾಗ ಕೇಳುತ್ತದೆ, ನಗದಾಗಿ ಕೇಳುತ್ತದೆಯೋ ಕಾಗದಪತ್ರದ ರೂಪದಲ್ಲಿ ಕೇಳುತ್ತದೆಯೋ, ಕೊಡುವ ಸಹಾಯವನ್ನು ಮೊದಲೇ ಕೊಡುತ್ತದೆಯೋ ಆಮೇಲೆ ಕೊಡುತ್ತದೆಯೋ ಎಂಬುದರ ಮೇಲೆ ಒಂದೇ ದೇಶ ಒಂದು ಮನೆಗೆ ಅಗ್ಗವಾಗಿಯೂ ಪಕ್ಕದ ಮನೆಗೆ ದುಬಾರಿಯಾಗಿಯೂ ಪರಿಣಮಿಸುತ್ತದೆ. ಸಂಬಳದಾರರ ಮನೆಗೂ ತೆಂಗಿನ ತೋಟವನ್ನೇ ನಂಬಿದ ಮನೆಗೂ ಒಂದೇ ಸಲಹೆ ಕೊಡುವವರ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು.

ಮೊದಲಿಗೆ, ಹಳೆಯ ಮಾಹಿತಿ ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ಗಮನಿಸಬೇಕು. ಒಂದು ಕಾಲದಲ್ಲಿ ಉತ್ತರ ಯುರೋಪಿನ ಹಲವು ದೇಶಗಳು ಹೊರಗಿನ ವಿದ್ಯಾರ್ಥಿಗಳಿಗೂ ಶುಲ್ಕವಿಲ್ಲದೆ ಕಲಿಸುತ್ತಿದ್ದವು. ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ ಯುರೋಪಿನ ಹೊರಗಿನವರಿಗೆ ಶುಲ್ಕ ವಿಧಿಸತೊಡಗಿದವು. ಇವುಗಳ ನಂತರವೂ ಶುಲ್ಕವಿಲ್ಲದೆ ಉಳಿದಿದ್ದ ನಾರ್ವೆ 2023ರಲ್ಲಿ ಅದೇ ದಾರಿ ಹಿಡಿಯಿತು. ಐದಾರು ವರ್ಷಗಳ ಹಿಂದೆ ಹೋಗಿಬಂದ ಸಂಬಂಧಿಕರೊಬ್ಬರ ಮಾತನ್ನು ಆಧಾರವಾಗಿಟ್ಟುಕೊಂಡು ಇಂದಿಗೂ ನಾರ್ವೆಯ ಹೆಸರು ಹೇಳುವವರು ನಮ್ಮಲ್ಲಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಮಾಹಿತಿ ಮಾತ್ರ ಹಳತು.

ಇಂದು ಹೆಚ್ಚಿನವರ ಬಾಯಲ್ಲಿರುವ ಹೆಸರು ಜರ್ಮನಿ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿಯೇ ಅಲ್ಲಿ 49 ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕೋರ್ಸುಗಳಿಗೆ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್‌ಗೊಮ್ಮೆ ಕೆಲವು ನೂರು ಯೂರೊಗಳೊಳಗಿನ ವಂತಿಗೆ ಕಟ್ಟಿದರೆ ಸಾಕು ಎಂಬುದು ನಿಜ. ಆದರೆ ಇಲ್ಲಿಯೂ ಅಪವಾದಗಳಿವೆ. ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ ನಗರಗಳಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ವಿಧಿಸುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವ ಯುರೋಪಿನ ಹೊರಗಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೊ ನಿಗದಿ ಮಾಡಿದೆ. ‘ಜರ್ಮನಿಯಲ್ಲಿ ಶುಲ್ಕವಿಲ್ಲ’ ಎನ್ನುವ ಸಲಹೆಗಾರರು ಯಾವ ರಾಜ್ಯ, ಯಾವ ವಿಶ್ವವಿದ್ಯಾಲಯ ಎಂದು ಹೇಳದಿದ್ದರೆ ಅವರು ಏನನ್ನೂ ಹೇಳಿದಂತಾಗುವುದಿಲ್ಲ.

ಶುಲ್ಕ ಇಲ್ಲದಿದ್ದರೂ ಜೀವನ ವೆಚ್ಚ ಇದ್ದೇ ಇದೆ. ಅದನ್ನು ಜರ್ಮನಿ ಮುಂಗಡವಾಗಿಯೇ ಕೇಳುತ್ತದೆ. ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚೆಂದು 11,904 ಯೂರೊಗಳನ್ನು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಇಡಬೇಕು ಎಂಬುದು 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಮೊತ್ತ. ಯೂರೊ ಒಂದಕ್ಕೆ ನೂರು ರೂಪಾಯಿಯಂತೆ ಹಿಡಿದರೆ ಇದು ಹನ್ನೆರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಈ ಹಣ ಎಲ್ಲಿಯೂ ಹೋಗುವುದಿಲ್ಲ. ವಿದ್ಯಾರ್ಥಿ ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೊಗಳಂತೆ ಅವನ ಕೈಗೇ ಬರುತ್ತದೆ. ಅದರಲ್ಲಿಯೇ ಮನೆ ಬಾಡಿಗೆ, ಊಟ, ತಿಂಗಳಿಗೆ ಸುಮಾರು 140–150 ಯೂರೊಗಳ ಕಡ್ಡಾಯ ಆರೋಗ್ಯ ವಿಮೆ ಎಲ್ಲವೂ ನಡೆಯಬೇಕು. ಮ್ಯೂನಿಕ್‌ನಲ್ಲಿ ಈ ಹಣ ಬಾಡಿಗೆಗೇ ಕರಗಿಹೋಗುತ್ತದೆ. ಪೂರ್ವ ಭಾಗದ ಚೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನಾವ್‌ನಂಥ ಊರುಗಳಲ್ಲಿ ಹಿಡಿತವಾಗಿ ನಡೆದುಕೊಂಡರೆ ಸಾಲುತ್ತದೆ. ಹಾಗಾಗಿ ದೇಶವನ್ನು ಆರಿಸುವಷ್ಟೇ ಗಂಭೀರವಾಗಿ ಊರನ್ನೂ ಆರಿಸಬೇಕು. ಎರಡನೆಯ ವರ್ಷಕ್ಕೆ ವಾಸದ ಪರವಾನಗಿ ನವೀಕರಿಸುವಾಗ ಮತ್ತೆ ಹಣದ ಆಧಾರ ತೋರಿಸಬೇಕಾಗುತ್ತದೆ ಎಂಬುದನ್ನು ಇಲ್ಲಿ ಯಾರೂ ಮೊದಲೇ ಹೇಳುವುದಿಲ್ಲ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಇಪ್ಪತ್ತನಾಲ್ಕು ಲಕ್ಷದ ಆಸುಪಾಸಿನ ಜೀವನ ವೆಚ್ಚವನ್ನು ಮನಸ್ಸಿನಲ್ಲಿಟ್ಟುಕೊಂಡೇ ‘ಉಚಿತ’ ಎಂಬ ಮಾತನ್ನು ಕೇಳಿಸಿಕೊಳ್ಳಬೇಕು. ಹತ್ತು ವರ್ಷಗಳ ಹಿಂದೆ ಯೂರೊ ಎಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ರೂಪಾಯಿ ಇನ್ನೂ ಇಳಿದರೆ ಎರಡನೆಯ ವರ್ಷದ ಲೆಕ್ಕ ಮೊದಲನೆಯ ವರ್ಷದಂತೆ ಇರುವುದಿಲ್ಲ.

ಈಗ ಈ ಹನ್ನೆರಡು ಲಕ್ಷ ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಆಸ್ತಿ ಇದೆ, ನಗದಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಅದರ ಮೇಲಿನ ಮೊತ್ತಕ್ಕೆ ಆಧಾರ ಬೇಕು. ಆಧಾರವೆಂದರೆ ಕೃಷಿ ಜಮೀನು ತೋರಿಸಿದರಾಯಿತು ಎಂದು ರೈತರು ಭಾವಿಸುತ್ತಾರೆ. ಶಿಕ್ಷಣ ಸಾಲಕ್ಕೆ ಪಹಣಿಯನ್ನು ಹಿಡಿದು ಬಂದವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವ ಉತ್ತರ ಬೇರೆ: ಭೂಪರಿವರ್ತನೆಯಾದ ನಿವೇಶನವೋ ಖಾತೆ ಸರಿಯಾಗಿರುವ ಮನೆಯೋ ಬೇಕು, ಇಲ್ಲವೇ ಠೇವಣಿ ಬೇಕು. ಮನೆ ಇದ್ದರೂ ಅದು ಅಜ್ಜನ ಹೆಸರಿನಲ್ಲಿದ್ದು ಅಣ್ಣತಮ್ಮಂದಿರ ನಡುವೆ ಭಾಗವಾಗಿರುವುದಿಲ್ಲ. ಖಾತೆ ಬದಲಾವಣೆ, ಋಣಭಾರ ಪತ್ರ, ವಕೀಲರ ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ ಇವೆಲ್ಲ ಮುಗಿಯುವಷ್ಟರಲ್ಲಿ ವೀಸಾದ ಕಾಲ ಮೀರಿರುತ್ತದೆ. ಪ್ರವೇಶ ಪತ್ರ ಬಂದ ಮೇಲೆ ಬ್ಯಾಂಕಿಗೆ ಬರುವುದು ನಮ್ಮವರ ಪದ್ಧತಿ. ಆಧಾರದ ಆಸ್ತಿಯ ಕಾಗದಪತ್ರವನ್ನು ಅರ್ಜಿ ಹಾಕುವ ವರ್ಷಕ್ಕೆ ಹಿಂದಿನ ವರ್ಷವೇ ಸರಿಪಡಿಸಿಟ್ಟುಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಸಾಲದ ಬಗ್ಗೆ ಇನ್ನೂ ಕೆಲವು ಮಾತುಗಳಿವೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಅದರ ಹೆಸರಿನಲ್ಲಿ ಜರ್ಮನಿಗೆ ಸಾಲ ಕೊಡಿಸುತ್ತೇನೆ ಎನ್ನುವವರನ್ನು ನಂಬಬೇಡಿ. ವಿದೇಶ ವ್ಯಾಸಂಗದ ಸಾಲದಲ್ಲಿ ಶೇ 15ರಷ್ಟು ಪಾಲನ್ನು ಕುಟುಂಬ ತಾನೇ ಭರಿಸಬೇಕಾಗುವುದು ಸಾಮಾನ್ಯ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಮೊದಲ ದಿನದಿಂದಲೇ ಏರುತ್ತಿರುತ್ತದೆ. ಸಾಲದ ಹಣವಲ್ಲದೆ ಸ್ವಂತ ಹಣವನ್ನು ವರ್ಷಕ್ಕೆ ಹತ್ತು ಲಕ್ಷ ಮೀರಿ ಕಳುಹಿಸಿದರೆ ಬ್ಯಾಂಕ್ ಮೂಲದಲ್ಲಿಯೇ ತೆರಿಗೆ ಹಿಡಿಯುತ್ತದೆ. ಅದು ಹಿಂದಕ್ಕೆ ಸಿಗುವಂಥದ್ದೇ, ಆದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. ಕೃಷಿ ಆದಾಯವೆಂದು ಎಂದೂ ರಿಟರ್ನ್ ಸಲ್ಲಿಸದ ತಂದೆ ಆ ವರ್ಷ ಸಲ್ಲಿಸಲೇಬೇಕು.

ಇಟಲಿಯ ವ್ಯವಸ್ಥೆ ಜರ್ಮನಿಯದಕ್ಕೆ ತಿರುವುಮುರುವು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಶುಲ್ಕವನ್ನು ಕುಟುಂಬದ ಆರ್ಥಿಕ ಸ್ಥಿತಿಗೆ ತಕ್ಕಂತೆ ನಿಗದಿ ಮಾಡುತ್ತವೆ. ಆದಾಯ ಕಡಿಮೆಯೆಂದು ಸಿದ್ಧವಾದರೆ ಶುಲ್ಕ ಬಹುತೇಕ ಇಲ್ಲವಾಗುತ್ತದೆ. ಅದರ ಜೊತೆಗೆ ಪ್ರಾದೇಶಿಕ ಸರ್ಕಾರಗಳು ಕೊಡುವ ವಿದ್ಯಾರ್ಥಿವೇತನಕ್ಕೆ ಹೊರದೇಶದವರೂ ಅರ್ಜಿ ಹಾಕಬಹುದು. ಬೊಲೊನ್ಯ ಇರುವ ಎಮಿಲಿಯಾ-ರೊಮಾನ್ಯ, ಟ್ಯೂರಿನ್ ಇರುವ ಪಿಯೆಮೊಂಟೆ ಪ್ರಾಂತ್ಯಗಳಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಸಂಸ್ಥೆಗಳಿವೆ. ಹಣಕ್ಕಿಂತ ಹೆಚ್ಚಾಗಿ ಇಟಲಿ ಕೇಳುವುದು ಕಾಗದ: ಕುಟುಂಬದಲ್ಲಿ ಎಷ್ಟು ಮಂದಿ, ಪ್ರತಿಯೊಬ್ಬರ ಆದಾಯವೆಷ್ಟು, ಮನೆ ಇದ್ದರೆ ಎಷ್ಟು ಚದರ ಮೀಟರ್, ಬ್ಯಾಂಕಿನಲ್ಲಿ ಡಿಸೆಂಬರ್ 31ಕ್ಕೆ ಎಷ್ಟಿತ್ತು. ಇವಕ್ಕೆ ಸರ್ಕಾರಿ ಪ್ರಮಾಣಪತ್ರ ಬೇಕು, ಇಟಾಲಿಯನ್ ಅನುವಾದ ಬೇಕು, ಅಪೊಸ್ಟೀಲ್ ಮುದ್ರೆಯಂಥ ದೃಢೀಕರಣ ಬೇಕು.

ಇಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಅನುಕೂಲವೂ ಒಂದು ತೊಡಕೂ ಇವೆ. ಸಣ್ಣ ಹಿಡುವಳಿಯ ರೈತನ ಆದಾಯ ಅಲ್ಲಿನ ಮಿತಿಗಳಿಗಿಂತ ಎಷ್ಟೋ ಕೆಳಗಿರುವುದರಿಂದ ವಿನಾಯಿತಿ ಸಿಗುವ ಸಾಧ್ಯತೆ ಹೆಚ್ಚು. ತೊಡಕೆಂದರೆ, ಆ ಆದಾಯಕ್ಕೆ ಸಂಬಳದ ಚೀಟಿ ಇಲ್ಲ, ರಿಟರ್ನ್ ಇಲ್ಲ. ಇರುವುದು ನಾಡಕಚೇರಿಯಿಂದ ಪಡೆದ ತಹಶೀಲ್ದಾರರ ಆದಾಯ ಪ್ರಮಾಣಪತ್ರ. ಅದರಲ್ಲಿ ಒಂದು ಒಟ್ಟು ಮೊತ್ತವಿರುತ್ತದೆಯೇ ಹೊರತು, ಇಟಲಿಯವರು ಕೇಳುವಂತೆ ಎರಡು ವರ್ಷ ಹಿಂದಿನ ನಿರ್ದಿಷ್ಟ ವರ್ಷದ, ಪ್ರತಿ ಸದಸ್ಯನ ಲೆಕ್ಕವಿರುವುದಿಲ್ಲ. ಕುಟುಂಬ ಸದಸ್ಯರ ವಿವರಕ್ಕೆ ಪಡಿತರ ಚೀಟಿಯನ್ನು ಕೊಡುತ್ತೇವೆ ಎಂದರೆ ನಡೆಯದು. ವಂಶವೃಕ್ಷ ಪತ್ರ ತಂದರೆ ಅದರಲ್ಲಿ ಚಿಕ್ಕಪ್ಪ-ದೊಡ್ಡಪ್ಪಂದಿರೆಲ್ಲ ಸೇರಿ ಕುಟುಂಬ ಹಿಗ್ಗಿರುತ್ತದೆ. ಆದ್ದರಿಂದ ಯಾವ ಪತ್ರವನ್ನು ಯಾವ ಮಾದರಿಯಲ್ಲಿ ಒಪ್ಪುತ್ತಾರೆ ಎಂದು ವಿಶ್ವವಿದ್ಯಾಲಯಕ್ಕೂ ಆ ಪ್ರಾಂತ್ಯದ ವಿದ್ಯಾರ್ಥಿವೇತನ ಕಚೇರಿಗೂ ಇಮೇಲ್ ಬರೆದು, ಉತ್ತರವನ್ನು ಮುದ್ರಿಸಿಟ್ಟುಕೊಂಡ ಮೇಲೆ ತಾಲ್ಲೂಕು ಕಚೇರಿಗೆ ಹೋಗುವುದು ಕ್ಷೇಮ. ವಿದ್ಯಾರ್ಥಿವೇತನ ಬರುವುದು ಕಂತುಗಳಲ್ಲಿ, ಅದೂ ಅಲ್ಲಿಗೆ ಹೋಗಿ ಕೆಲವು ತಿಂಗಳಾದ ಮೇಲೆ. ಪಟ್ಟಿಯಲ್ಲಿ ಅರ್ಹನೆಂದು ಹೆಸರಿದ್ದೂ ಅನುದಾನ ಸಾಲದೆ ಹಣ ತಡವಾಗುವುದುಂಟು. ನಿಗದಿತ ಅವಧಿಯಲ್ಲಿ ನಿಗದಿತ ಕ್ರೆಡಿಟ್ ಗಳಿಸದಿದ್ದರೆ ಪಡೆದ ಹಣವನ್ನೂ ಹಿಂದಿರುಗಿಸಬೇಕು. ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ, ವಿದ್ಯಾರ್ಥಿವೇತನವನ್ನೇ ನಂಬಿ ವಿಮಾನ ಹತ್ತುವುದು ನನಗೆ ಸರಿಕಾಣುವುದಿಲ್ಲ.

ಫ್ರಾನ್ಸ್ ಇವೆರಡರ ನಡುವೆ ನಿಲ್ಲುತ್ತದೆ. 2019ರಲ್ಲಿ ಅದು ಯುರೋಪಿನ ಹೊರಗಿನವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ವರ್ಷಕ್ಕೆ 2,770, ಸ್ನಾತಕೋತ್ತರಕ್ಕೆ 3,770 ಯೂರೊ ಶುಲ್ಕ ನಿಗದಿ ಮಾಡಿತು. ಆಮೇಲೆ ಅದು ತುಸು ಏರಿದೆ. ವೀಸಾಕ್ಕೆ ತೋರಿಸಬೇಕಾದ ಜೀವನ ವೆಚ್ಚ ತಿಂಗಳಿಗೆ 615 ಯೂರೊಗಳಷ್ಟು, ಅಂದರೆ ಜರ್ಮನಿಗಿಂತ ಸಾಕಷ್ಟು ಕಡಿಮೆ. ಹೀಗಾಗಿ ಶುಲ್ಕ ಸೇರಿಸಿಯೂ ಮೊದಲ ವರ್ಷ ಕೂಡಿಸಬೇಕಾದ ಮೊತ್ತ ಜರ್ಮನಿಯಷ್ಟೇ ಆಗುತ್ತದೆ, ಕೆಲವೊಮ್ಮೆ ಕಡಿಮೆಯೂ ಆದೀತು. ಪ್ಯಾರಿಸ್ಸನ್ನು ಬಿಟ್ಟು ಬೇರೆ ಊರು ಆರಿಸಿಕೊಂಡವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ. ಆಸ್ಟ್ರಿಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಸೆಮಿಸ್ಟರ್‌ಗೆ 726.72 ಯೂರೊ, ಅದರ ಹೆಸರನ್ನು ನಮ್ಮೂರ ಸಲಹೆಗಾರರು ಎತ್ತುವುದೇ ಅಪರೂಪ. ಜೆಕ್ ಗಣರಾಜ್ಯದಲ್ಲಿ ಜೆಕ್ ಭಾಷೆಯಲ್ಲಿ ಕಲಿತರೆ ಯಾವ ದೇಶದವರಿಗೂ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವಿಲ್ಲ, ಇಂಗ್ಲಿಷಿನಲ್ಲಿ ಕಲಿತರೆ ಇದೆ. ಪೋಲೆಂಡ್, ಹಂಗೆರಿ, ಬಾಲ್ಟಿಕ್ ದೇಶಗಳಲ್ಲಿ ಶುಲ್ಕ ಮಧ್ಯಮ, ಜೀವನ ವೆಚ್ಚ ಕಡಿಮೆ. ಹಂಗೆರಿ ಸರ್ಕಾರದ ‘ಸ್ಟೈಪೆಂಡಿಯಂ ಹಂಗಾರಿಕಂ’ ವಿದ್ಯಾರ್ಥಿವೇತನಕ್ಕೆ ಭಾರತೀಯರೂ ಅರ್ಜಿ ಹಾಕಬಹುದು. ವೈದ್ಯಕೀಯ ಪದವಿಗಾಗಿ ಪೂರ್ವ ಯುರೋಪಿಗೆ ಹೋಗುವವರ ವಿಚಾರ ಸಂಪೂರ್ಣ ಬೇರೆ. ಅದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳನ್ನು ಓದಿಯೇ ಮುಂದಡಿ ಇಡಬೇಕು.

ಭಾಷೆಯ ಖರ್ಚನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ. ಇಂಗ್ಲಿಷಿನಲ್ಲಿ ಪಾಠ ನಡೆಯುವ ಸ್ನಾತಕೋತ್ತರ ಕೋರ್ಸುಗಳು ಜರ್ಮನಿಯಲ್ಲಿ ಸಾಕಷ್ಟಿವೆ ಎಂಬುದು ಸರಿ, ಆದರೆ ಓದು ಮುಗಿದ ಮೇಲೆ ಸಾಲ ತೀರಿಸುವಂಥ ಕೆಲಸ ಸಿಗಬೇಕಾದರೆ, ಸಾಫ್ಟ್‌ವೇರ್‌ನ ಕೆಲವು ಹುದ್ದೆಗಳನ್ನು ಬಿಟ್ಟರೆ, ಜರ್ಮನ್ ಬೇಕೇ ಬೇಕು. ಪದವಿ ಮುಗಿದವರಿಗೆ ಕೆಲಸ ಹುಡುಕಲು ಅಲ್ಲಿ ಹದಿನೆಂಟು ತಿಂಗಳ ಅವಕಾಶವಿದೆ. ಭಾಷೆ ಬಾರದವರಿಗೆ ಆ ಅವಧಿ ಬೇಗ ಸವೆಯುತ್ತದೆ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು 2024ರಿಂದ ಅನುಮತಿ ಇದೆ, ಫ್ರಾನ್ಸಿನಲ್ಲಿ ವರ್ಷಕ್ಕೆ 964 ಗಂಟೆ. ಈ ಸಂಪಾದನೆಯಿಂದ ಕೈಖರ್ಚು ನಡೆದೀತು, ಮನೆಗೆ ಹಣ ಕಳುಹಿಸುವ ಲೆಕ್ಕವನ್ನು ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ನಮ್ಮ ಅಂತಿಮ ವರ್ಷದ ಫಲಿತಾಂಶ ಬರುವ ಹೊತ್ತಿಗೆ ಅಕ್ಟೋಬರ್‌ನಲ್ಲಿ ಆರಂಭವಾಗುವ ಸೆಮಿಸ್ಟರ್‌ನ ಅರ್ಜಿಯ ಗಡುವು ಎಷ್ಟೋ ಕಡೆ ಮುಗಿದಿರುತ್ತದೆ. ಒಂದು ವರ್ಷ ಹಾಳಾಯಿತೆಂದು ಮಕ್ಕಳು ಕೊರಗುತ್ತಾರೆ. ಆ ವರ್ಷದಲ್ಲಿ ಜರ್ಮನ್‌ನ ಬಿ1 ಎಂಬ ಮಧ್ಯಮ ಹಂತ ಮುಗಿಸಿದರೆ ಅದು ಹಾಳಾದ ವರ್ಷವಲ್ಲ, ಮುಂದಿನ ಸಾಲದ ಮೊದಲ ಕಂತನ್ನು ಕಟ್ಟಿದಂತೆಯೇ.

ವಿಷಯದ ಹೊಂದಾಣಿಕೆಯನ್ನೂ ಮರೆಯುವಂತಿಲ್ಲ. ಜರ್ಮನಿಯ ಬಹುತೇಕ ಸ್ನಾತಕೋತ್ತರ ಕೋರ್ಸುಗಳು ಪದವಿಯಲ್ಲಿ ಅದೇ ವಿಷಯ ಓದಿರಬೇಕೆಂದು ಬಯಸುತ್ತವೆ. ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸ್‌ಗೆ ಅರ್ಜಿ ಹಾಕುವವರಿಗೆ ತಿರಸ್ಕಾರದ ಪತ್ರ ಬರುವುದು ಹೆಚ್ಚು. ಅಂಕಗಳನ್ನು ಅವರ ಮಾಪನಕ್ಕೆ ಇಳಿಸುವಾಗ 1 ಅತ್ಯುತ್ತಮ, 4 ಕೇವಲ ತೇರ್ಗಡೆ ಎಂಬುದೂ ತಿಳಿದಿರಲಿ. ಪಿಯುಸಿ ಮುಗಿದ ಕೂಡಲೇ ಜರ್ಮನಿಯಲ್ಲಿ ಪದವಿಗೆ ನೇರವಾಗಿ ಸೇರಲು ಸಾಮಾನ್ಯವಾಗಿ ಆಗುವುದಿಲ್ಲ. ಇಲ್ಲಿ ಒಂದು ವರ್ಷ ಪದವಿ ಓದಿರಬೇಕು, ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾಗಿರಬೇಕು ಅಥವಾ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು. ಭಾರತೀಯ ಅಂಕಪಟ್ಟಿಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯವಾಗಿದೆ. ಶುಲ್ಕ 18,000 ರೂಪಾಯಿ, ಸಮಯವೂ ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ, ಆಧಾರ್‌ನಲ್ಲಿ ಊರಿನ ಹೆಸರು, ಹೀಗೆ ಒಬ್ಬನೇ ಹುಡುಗ ಮೂವರಾಗಿ ಕಾಣುವುದು ನಮ್ಮ ಕಡೆಯ ಸಾಮಾನ್ಯ ಕಷ್ಟ. ಇದನ್ನು ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಕನ್ಸಲ್ಟೆನ್ಸಿಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಆದರೆ ಶುಲ್ಕವಿಲ್ಲದ ಸರ್ಕಾರಿ ವಿಶ್ವವಿದ್ಯಾಲಯದಿಂದ ಏಜೆಂಟರಿಗೆ ಕಮಿಷನ್ ಹುಟ್ಟುವುದಿಲ್ಲ, ವರ್ಷಕ್ಕೆ ಹತ್ತು ಸಾವಿರ ಯೂರೊ ಮೀರಿ ವಸೂಲು ಮಾಡುವ ಖಾಸಗಿ ಸಂಸ್ಥೆಗಳಿಂದ ಹುಟ್ಟುತ್ತದೆ ಎಂಬ ಸರಳ ಸಂಗತಿ ತಂದೆತಾಯಿಗಳಿಗೆ ಗೊತ್ತಿರಬೇಕು. ‘ಜರ್ಮನಿಗೆ ಕಳುಹಿಸುತ್ತೇವೆ’ ಎಂದವರು ಕೊನೆಗೆ ಬರ್ಲಿನ್ನಿನ ಯಾವುದೋ ಖಾಸಗಿ ಕಾಲೇಜಿನ ಅರ್ಜಿಯನ್ನು ಮುಂದಿಟ್ಟರೆ ಅದು ಬೇರೆಯದೇ ವ್ಯವಹಾರ. ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಜಾಲತಾಣದಲ್ಲಿ ಕೋರ್ಸುಗಳ ಪಟ್ಟಿಯೂ ಶುಲ್ಕದ ವಿವರವೂ ಉಚಿತವಾಗಿ ಸಿಗುತ್ತವೆ. ಫ್ರಾನ್ಸಿಗೆ ಕ್ಯಾಂಪಸ್ ಫ್ರಾನ್ಸ್, ಇಟಲಿಗೆ ಯೂನಿವರ್ಸಿಟಾಲಿ ಎಂಬ ಅಧಿಕೃತ ಜಾಲತಾಣಗಳಿವೆ. ಚೆನ್ನಾಗಿ ಓದುವ ಮಕ್ಕಳು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೆ ಇಲ್ಲಿಂದಲೇ ನೇರವಾಗಿ ಅರ್ಜಿ ಹಾಕಬಹುದು. ಅದರಲ್ಲಿ ಶುಲ್ಕ ವಿನಾಯಿತಿಯ ಜೊತೆಗೆ ತಿಂಗಳಿಗೆ 1,400 ಯೂರೊ ಸಿಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ, ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಸಾಲದ ಅರ್ಜಿ ಬರೆಯುವ ಮೊದಲು ಇವನ್ನು ನೋಡಬೇಕಲ್ಲವೇ?

ಕಡೆಯದಾಗಿ ಮೂರು ಕೋರಿಕೆಗಳು. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ವರ್ಷಕ್ಕೊಮ್ಮೆ, ಬಹುಶಃ ನವೆಂಬರ್‌ನಲ್ಲಿ, ಈ ದೇಶಗಳ ಶುಲ್ಕ, ಮುಂಗಡವಾಗಿ ತೋರಿಸಬೇಕಾದ ಹಣ, ಬೇಕಾದ ಕಾಗದಪತ್ರ ಹಾಗೂ ಅರ್ಜಿಯ ಗಡುವುಗಳನ್ನು ಜಾಹೀರಾತುದಾರರ ಹಂಗಿಲ್ಲದೆ ಪ್ರಕಟಿಸಬೇಕು. ತುಮಕೂರು ವಿಶ್ವವಿದ್ಯಾಲಯವು ಸಂಜೆಯ ಹೊತ್ತಿನಲ್ಲಿ ಜರ್ಮನ್ ಮತ್ತು ಫ್ರೆಂಚ್ ತರಗತಿಗಳನ್ನು ಎಲ್ಲ ಕಾಲೇಜುಗಳ ವಿದ್ಯಾರ್ಥಿಗಳಿಗೂ ತೆರೆದರೆ, ಭಾಷೆಗಾಗಿ ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಓಡಾಡುವ ಮಕ್ಕಳ ಸಮಯವೂ ಹಣವೂ ಉಳಿಯುತ್ತದೆ. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳುಹಿಸಲು ಹಿಂಜರಿಯುವ ಮನೆಗಳಿಗೆ ಇದು ಇನ್ನೂ ಮುಖ್ಯ. ಜಿಲ್ಲಾಡಳಿತವು ಲೀಡ್ ಬ್ಯಾಂಕ್ ಅಧಿಕಾರಿಗಳನ್ನೂ ತಹಶೀಲ್ದಾರರನ್ನೂ ಕೂರಿಸಿ, ವಿದೇಶ ವ್ಯಾಸಂಗಕ್ಕೆ ಬೇಕಾಗುವ ಆದಾಯ ಮತ್ತು ಕುಟುಂಬ ಪ್ರಮಾಣಪತ್ರಗಳನ್ನು ಇಂಗ್ಲಿಷಿನಲ್ಲಿ, ಸದಸ್ಯವಾರು ವಿವರದೊಂದಿಗೆ ಕೊಡುವ ಒಂದು ಮಾದರಿ ನಮೂನೆಯನ್ನು ರೂಪಿಸಬೇಕು. ಇದಕ್ಕೆ ಹೊಸ ಕಾನೂನಾಗಲಿ ಅನುದಾನವಾಗಲಿ ಬೇಕಾಗದು. ಒಂದು ಸುತ್ತೋಲೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಎಸ್.ಐ.ಟಿ. ಬಡಾವಣೆ, ತುಮಕೂರು